ಪ್ಯಾಕೇಜ್ ಹಳೆಯದಾಗಿದೆಯಾ? ಮೇಂಟೇನರ್ ಜೊತೆ ಜಗಳಕ್ಕೆ ಬೀಳದೆ ಹೊಸದು ತರಿಸುವುದು ಹೇಗೆ

ನಿಮ್ಮ ಲಿನಕ್ಸ್‌ನಲ್ಲಿ ಒಂದು ಪ್ರೋಗ್ರಾಂ ಇದೆ. ಬರೆದವರು ಆಗಲೇ 4.2 ಬಿಟ್ಟಿದ್ದಾರೆ, ನಿಮ್ಮ ಡಿಸ್ಟ್ರೋದಲ್ಲಿ, ಅಂದರೆ ನೀವು ಬಳಸುವ ಡೆಬಿಯನ್, ಫೆಡೋರಾ ಥರದ ಲಿನಕ್ಸ್‌ನಲ್ಲಿ, ಇನ್ನೂ 3.8 ಕೂತಿದೆ. ನಿಮಗೆ ಬೇಕಾದ ಸೌಲಭ್ಯ ಬಂದಿದ್ದು 4.0ರಲ್ಲಿ. ಒಂದು ತಿಂಗಳು ಕಾಯುತ್ತೀರಿ, ಎರಡು ತಿಂಗಳು ಕಾಯುತ್ತೀರಿ, ಅಪ್‌ಡೇಟ್ ಸುದ್ದಿಯೇ ಇಲ್ಲ. ತಪ್ಪುಗಳನ್ನೂ ಕೋರಿಕೆಗಳನ್ನೂ ದಾಖಲಿಸುವ ಬಗ್ ಟ್ರ್ಯಾಕರ್‌ಗೆ ಹೋಗಿ ನೋಡಿದರೆ ನಿಮಗಿಂತ ಮೊದಲೇ ನಾಲ್ಕು ಜನ ಕೇಳಿದ್ದಾರೆ, ಐದನೆಯವರು ರೇಗಿದ್ದಾರೆ, ಆ ಪ್ರೋಗ್ರಾಂ ಅನ್ನು ಡಿಸ್ಟ್ರೋಗೆ ಹೊಂದಿಸಿ ಪ್ಯಾಕೇಜ್ ಮಾಡಿಡುವ ಮೇಂಟೇನರ್ ಒಂದು ಸಾಲು ಖಾರವಾಗಿ ಬರೆದು ಸುಮ್ಮನಾಗಿದ್ದಾರೆ. ಪ್ಯಾಕೇಜ್ ಮಾತ್ರ ಇದ್ದಲ್ಲೇ ಇದೆ.

ನಾನು ಈ ಜಗಳದ ಎರಡೂ ಕಡೆ ಕೂತವನು. ಮೊದಲು ಕೇಳುವವನಾಗಿದ್ದೆ. ಫೋಟೋ ತಿದ್ದುವ ಒಂದು ಪ್ರೋಗ್ರಾಂ ಹಳೆಯದಾಗಿದೆ ಅಂತ ಬಗ್ ಹಾಕಿ, ಇದನ್ನು ಯಾರೂ ನೋಡುತ್ತಿಲ್ಲವೇ ಅಂತ ಕೊನೆಗೊಂದು ಸಾಲು ಸೇರಿಸಿದ್ದೆ. ಮಾರನೇ ದಿನವೇ ಉತ್ತರ ಬಂತು. ಹೊಸದನ್ನು ಹಾಕಿದರೆ ಅದರ ಜೊತೆಗಿರುವ ಲೈಬ್ರರಿ (ಹಲವು ಪ್ರೋಗ್ರಾಂಗಳು ಹಂಚಿಕೊಳ್ಳುವ ಕೋಡ್) ಬದಲಾಗುತ್ತದೆ, ಆ ಲೈಬ್ರರಿ ಬಳಸುವ 11 ಪ್ಯಾಕೇಜ್‌ಗಳಲ್ಲಿ 3 ಬಿಲ್ಡ್ ಆಗುವುದಿಲ್ಲ (ಕೋಡ್‌ನಿಂದ ಓಡುವ ಪ್ರೋಗ್ರಾಂ ತಯಾರಾಗುವುದಿಲ್ಲ), ಆ ಮೂರರ ಹೆಸರು ಇವು, ಅವಕ್ಕೆ ನಾನು ಹಾಕಿರುವ ಬಗ್‌ಗಳು ಇವು ಅಂತ ಮೇಂಟೇನರ್ ಬರೆದಿದ್ದರು. ಆರು ತಿಂಗಳಿಂದ ಅವರು ಅದೇ ಕೆಲಸ ಮಾಡುತ್ತಿದ್ದರು, ಸಂಜೆ ಹೊತ್ತು, ಸಂಬಳ ಇಲ್ಲದೆ. ಅದೇ ಪುಟದಲ್ಲಿ ಎರಡು ಸಲ ಕೆಳಗೆ ಸ್ಕ್ರೋಲ್ ಮಾಡಿದ್ದರೆ ನನಗೆ ಎಲ್ಲಾ ಸಿಗುತ್ತಿತ್ತು. ಆಮೇಲೆ ನಾನೂ ಎರಡು ಸಣ್ಣ ಪ್ಯಾಕೇಜ್ ನೋಡಿಕೊಳ್ಳಲು ಶುರು ಮಾಡಿದೆ, ಅದೇ ಥರದ ಸಾಲುಗಳು ನನಗೂ ಬರತೊಡಗಿದವು.

ಎರಡೂ ಕಡೆ ಕೂತ ಮೇಲೆ ನನಗೆ ಕಂಡಿದ್ದು ಇಷ್ಟು. ಕೇಳುವವರು ವರ್ಶನ್ ನಂಬರ್ ನೋಡುತ್ತಿರುತ್ತಾರೆ. ಮೇಂಟೇನರ್ ಆ ನಂಬರ್ ಬದಲಾದರೆ ಏನೇನು ಮುರಿಯುತ್ತದೆ ಅಂತ ನೋಡುತ್ತಿರುತ್ತಾರೆ. ಒಬ್ಬರು ನೋಡುತ್ತಿರುವುದು ಇನ್ನೊಬ್ಬರ ಕಣ್ಣಿಗೆ ಬೀಳುವ ಹಾಗೆ ಮಾಡಿದರೆ ಮುಕ್ಕಾಲು ಪಾಲು ಜಗಳ ಹುಟ್ಟುವುದೇ ಇಲ್ಲ. ಅದನ್ನು ಮಾಡುವುದು ಹೇಗೆ ಅಂತ ಕೆಳಗೆ ಬರೆದಿದ್ದೇನೆ. ನನಗೆ ಜಾಸ್ತಿ ಪರಿಚಯ ಇರುವುದು ಡೆಬಿಯನ್, ಹಾಗಾಗಿ ಉದಾಹರಣೆಗಳು ಅಲ್ಲಿಂದಲೇ ಜಾಸ್ತಿ ಬರುತ್ತವೆ.

ಮೊದಲು: ನಿಜವಾಗಿ ಹಳೆಯದಾ ಅಂತ ನೋಡಿ

ಇದು ಬಹಳ ಜನ ಬಿಟ್ಟುಬಿಡುವ ಹೆಜ್ಜೆ. ಒಂದು ನಿಜವಾದ ಉದಾಹರಣೆ ತಗೊಳ್ಳಿ. 2024ರ ಜುಲೈನಲ್ಲಿ ದೂರದ ಕಂಪ್ಯೂಟರ್‌ಗೆ ಲಾಗಿನ್ ಆಗಲು ಬಳಸುವ ಓಪನ್‌ಎಸ್‌ಎಸ್‌ಎಚ್‌ನಲ್ಲಿ ದೊಡ್ಡದೊಂದು ಭದ್ರತಾ ದೋಷ ಸಿಕ್ಕಿತು, ರೆಗ್ರೆಶನ್ ಅಂತ ಅದಕ್ಕೆ ಹೆಸರು ಬಿತ್ತು. ಬರೆದವರು ಅದನ್ನು ಸರಿ ಮಾಡಿದ್ದು 9.8ಪಿ1ರಲ್ಲಿ. ಆಗ ಡೆಬಿಯನ್ 12ರಲ್ಲಿ ಇದ್ದಿದ್ದು 9.2ಪಿ1. ನಂಬರ್ ಮಾತ್ರ ನೋಡಿದವರಿಗೆ ಗಾಬರಿ ಆಗುವುದು ಸಹಜ, ಅಲ್ವಾ? ಆದರೆ ಪೂರ್ತಿ ನಂಬರ್ ಓದಿ: 9.2ಪಿ1-2+ಡೆಬ್12ಯು3. ಅಡ್ಡಗೆರೆಯ ಮುಂಚೆ ಇರುವುದು ಮೂಲ ಲೇಖಕರ ವರ್ಶನ್. ಆಮೇಲಿನ 2 ಡೆಬಿಯನ್‌ನವರು ಅದನ್ನು ಎಷ್ಟನೇ ಸಲ ಪ್ಯಾಕೇಜ್ ಮಾಡಿದ್ದು ಅನ್ನುವುದು. ಕೊನೆಯ ಡೆಬ್12ಯು3 ಅಂದರೆ ಡೆಬಿಯನ್ 12 ಬಿಡುಗಡೆಯಾದ ಮೇಲೆ ಬಂದ ಮೂರನೇ ತಿದ್ದುಪಡಿ. ಆ ಮೂರನೆಯದರಲ್ಲೇ ಈ ದೋಷದ ಪ್ಯಾಚ್, ಅಂದರೆ ತಪ್ಪು ತಿದ್ದುವ ಕೋಡ್ ತುಂಡು, ಇತ್ತು. ಅಂದರೆ ನಂಬರ್ ಹಳೆಯದಾಗೇ ಉಳಿಯಿತು, ತೂತು ಮುಚ್ಚಿತ್ತು. ಇದಕ್ಕೆ ಬ್ಯಾಕ್‌ಪೋರ್ಟ್ ಮಾಡುವುದು ಅನ್ನುತ್ತಾರೆ, ಹೊಸದರಲ್ಲಿನ ಪ್ಯಾಚ್ ಮಾತ್ರ ಬಿಡಿಸಿ ತಂದು ಹಳೆಯದಕ್ಕೆ ಹೊಂದಿಸುವ ಕೆಲಸ. ಸುಲಭದ್ದಲ್ಲ.

ಹಾಗಾಗಿ ಭದ್ರತೆಯ ಚಿಂತೆ ಇದ್ದರೆ ಮೊದಲು ಟರ್ಮಿನಲ್‌ನಲ್ಲಿ ಆಪ್ಟ್ ಚೇಂಜ್‌ಲಾಗ್ ಅಂತ ಕೊಟ್ಟು ಮುಂದೆ ಪ್ಯಾಕೇಜ್ ಹೆಸರು ಹಾಕಿ. ಅದರಲ್ಲಿ ಸಿವಿಇ ನಂಬರ್ (ಒಂದೊಂದು ಭದ್ರತಾ ದೋಷಕ್ಕೂ ಕೊಡುವ ಗುರುತು) ಹುಡುಕಿ. ಡೆಬಿಯನ್‌ನ ಸೆಕ್ಯೂರಿಟಿ ಟ್ರ್ಯಾಕರ್‌ನಲ್ಲಿ ಅದೇ ನಂಬರ್ ಹಾಕಿದರೆ ಯಾವ ಬಿಡುಗಡೆಯಲ್ಲಿ ಸರಿಯಾಗಿದೆ, ಯಾವುದರಲ್ಲಿ ಇನ್ನೂ ಇಲ್ಲ ಅಂತ ಸಾಲು ಸಾಲಾಗಿ ಕಾಣುತ್ತದೆ. ಆಫೀಸಿನ ಭದ್ರತಾ ಸ್ಕ್ಯಾನರ್ ಕೆಂಪು ಬಣ್ಣ ತೋರಿಸಿತು ಅಂತ ನೇರವಾಗಿ ಬಗ್ ಹಾಕಬೇಡಿ, ಎಷ್ಟೋ ಸ್ಕ್ಯಾನರ್‌ಗಳು ಮೊದಲ ನಂಬರ್ ಮಾತ್ರ ಹೋಲಿಸಿ ತೀರ್ಪು ಕೊಡುತ್ತವೆ.

ಇನ್ನೊಂದು, ನೀವು ಇರುವ ಡಿಸ್ಟ್ರೋ ಏನು ಮಾತು ಕೊಟ್ಟಿದೆ ಅಂತ ನೋಡಿ. ಡೆಬಿಯನ್ ಸ್ಟೇಬಲ್ ಸುಮಾರು 2 ವರ್ಷಕ್ಕೊಮ್ಮೆ ಬರುತ್ತದೆ, ಬಂದ ಮೇಲೆ ಭದ್ರತೆ ಮತ್ತು ದೊಡ್ಡ ತಪ್ಪುಗಳನ್ನು ಬಿಟ್ಟರೆ ವರ್ಶನ್ ಬದಲಾಗದಿರುವುದೇ ಅದರ ಉದ್ದೇಶ. ಫೆಡೋರಾ ಸುಮಾರು 6 ತಿಂಗಳಿಗೊಮ್ಮೆ ಬರುತ್ತದೆ, ಒಂದೊಂದಕ್ಕೂ ಸುಮಾರು 13 ತಿಂಗಳು ಬೆಂಬಲ. ಆರ್ಚ್‌ನಲ್ಲಿ ಬಿಡುಗಡೆ ಅನ್ನುವುದೇ ಇಲ್ಲ, ಹೊಸದು ಬಂದ ಹಾಗೆ ಹರಿದು ಬರುತ್ತಿರುತ್ತದೆ. ಸ್ಟೇಬಲ್‌ನಲ್ಲಿ ಕೂತು ಹೊಸ ವರ್ಶನ್ ಯಾಕಿಲ್ಲ ಅಂತ ಕೇಳಿದರೆ ಮೇಂಟೇನರ್ ಕೊಡಬಹುದಾದ ಉತ್ತರ ಒಂದೇ, ಅದು ನಿಮಗೆ ಹಿಡಿಸುವುದಿಲ್ಲ. ಆದ್ದರಿಂದ ಸ್ಟೇಬಲ್ ಬಿಟ್ಟು, ಹೊಸ ಪ್ಯಾಕೇಜ್‌ಗಳು ಮೊದಲು ಬಂದು ಸೇರುವ ಅನ್‌ಸ್ಟೇಬಲ್‌ನಲ್ಲಿ, ಅಂದರೆ ಸಿಡ್‌ನಲ್ಲಿ, ಯಾವ ವರ್ಶನ್ ಇದೆ ಅಂತ ನೋಡಿ. ಅಲ್ಲೂ ಹಳೆಯದೇ ಇದ್ದರೆ ಆಗ ಮಾತಾಡುವ ವಿಷಯ ಇದೆ.

ಯಾಕೆ ನಿಂತಿದೆ ಅಂತ ಹುಡುಕಿ

ರೆಪಾಲಜಿ ಅಂತ ಒಂದು ತಾಣ ಇದೆ. ಒಂದೇ ಪ್ರೋಗ್ರಾಂ ಯಾವ್ಯಾವ ಡಿಸ್ಟ್ರೋದಲ್ಲಿ ಎಷ್ಟನೇ ವರ್ಶನ್‌ನಲ್ಲಿದೆ ಅಂತ ಪಕ್ಕ ಪಕ್ಕ ತೋರಿಸುತ್ತದೆ. ಎಲ್ಲಾ ಕಡೆ 3.8ರಲ್ಲೇ ನಿಂತಿದ್ದರೆ ತೊಂದರೆ ಪ್ರೋಗ್ರಾಂನಲ್ಲೇ ಇರಬಹುದು. ಬೇರೆ ಕಡೆ ಎಲ್ಲಾ ಹೊಸದಿದ್ದು ನಿಮ್ಮಲ್ಲಿ ಮಾತ್ರ ಹಳೆಯದಿದ್ದರೆ ಬೇರೆಯವರು ಹೊಸದಕ್ಕೆ ಯಾವ ಪ್ಯಾಚ್ ಹಾಕಿದ್ದಾರೆ ಅಂತ ಅಲ್ಲೇ ಹೋಗಿ ನೋಡಬಹುದು. ಇದು ಆಮೇಲೆ ಬಹಳ ಉಪಯೋಗಕ್ಕೆ ಬರುತ್ತದೆ.

ಆಮೇಲೆ ನಿಮ್ಮ ಡಿಸ್ಟ್ರೋದ ಪ್ಯಾಕೇಜ್ ಪುಟ ತೆರೆಯಿರಿ. ಡೆಬಿಯನ್‌ನಲ್ಲಿ ಇದಕ್ಕೆ ಪ್ಯಾಕೇಜ್ ಟ್ರ್ಯಾಕರ್ ಅನ್ನುತ್ತಾರೆ. ಕೊನೆಯ ಅಪ್‌ಲೋಡ್ ಯಾವಾಗ, ಯಾರು ಮಾಡಿದ್ದು, ಎಷ್ಟು ಬಗ್ ಬಾಕಿ, ಹೊಸ ವರ್ಶನ್ ಇರುವುದು ಟ್ರ್ಯಾಕರ್‌ಗೆ ಗೊತ್ತಾ ಇಲ್ಲವಾ, ಎಲ್ಲಾ ಅಲ್ಲಿದೆ. ಈ ಕೊನೆಯದನ್ನು ಗಮನಿಸಿ. ಪ್ಯಾಕೇಜ್ ಒಳಗೆ ವಾಚ್ ಅಂತ ಒಂದು ಪುಟ್ಟ ಫೈಲ್ ಇರುತ್ತದೆ, ಹೊಸ ವರ್ಶನ್‌ಗೆ ಎಲ್ಲಿ ಹುಡುಕಬೇಕು ಅಂತ ಅದರಲ್ಲಿ ಬರೆದಿರುತ್ತದೆ. ಮೂಲ ಲೇಖಕರು ತಮ್ಮ ಕೋಡ್ ಇಡುವ ಜಾಗ ಬದಲಿಸಿದರೆ ಆ ಫೈಲ್ ಕುರುಡಾಗುತ್ತದೆ, ಹೊಸದು ಬಂದಿದೆ ಅಂತ ಮೇಂಟೇನರ್‌ಗೆ ತಿಳಿಯುವುದೇ ಇಲ್ಲ. ನನ್ನ ಪ್ಯಾಕೇಜ್ ಒಂದಕ್ಕೆ ಹೀಗೇ ಆಗಿತ್ತು. ಒಬ್ಬರು ವಾಚ್ ಫೈಲ್‌ನ ಎರಡು ಸಾಲು ತಿದ್ದಿ ಕಳಿಸಿದರು, ಅದೇ ವಾರ ಹೊಸ ವರ್ಶನ್ ಅಪ್‌ಲೋಡ್ ಆಯಿತು.

ಬೇರೆ ಕಾರಣಗಳೂ ಇರುತ್ತವೆ. ಎಲ್ಲಕ್ಕಿಂತ ಜಾಸ್ತಿ ಸಿಗುವುದು ಲೈಬ್ರರಿ ಬದಲಾವಣೆ. ಲೈಬ್ರರಿಯ ಹೊಸ ವರ್ಶನ್ ಹಳೆಯದರ ಜೊತೆ ಹೊಂದದಿದ್ದರೆ ಅದನ್ನು ಬಳಸುವ ಪ್ರತಿಯೊಂದು ಪ್ಯಾಕೇಜನ್ನೂ ಮತ್ತೆ ಬಿಲ್ಡ್ ಮಾಡಬೇಕು, ಕೆಲವು ಬಿಲ್ಡ್ ಆಗುವುದಿಲ್ಲ, ಆಗದವುಗಳ ಮೇಂಟೇನರ್‌ಗಳು ಬೇರೆ ಬೇರೆ ಜನ, ಅವರಲ್ಲಿ ಒಬ್ಬರು ರಜೆಯಲ್ಲಿ, ಇನ್ನೊಬ್ಬರ ಪ್ರೋಗ್ರಾಂಗೆ ಮೂಲ ಲೇಖಕರೇ ಈಗ ಇಲ್ಲ. ಇದಕ್ಕೆ ಟ್ರಾನ್ಸಿಷನ್ ಅನ್ನುತ್ತಾರೆ. ಜೊತೆಗೆ ಲೈಬ್ರರಿಯ ಪ್ಯಾಕೇಜ್ ಹೆಸರೇ ಬದಲಾದರೆ ಡೆಬಿಯನ್‌ನಲ್ಲಿ ಅದು ನ್ಯೂ ಅನ್ನುವ ಸರದಿಯಲ್ಲಿ ನಿಲ್ಲಬೇಕು, ಅಲ್ಲಿ ಬೇರೆ ಸ್ವಯಂಸೇವಕರು ಪರೀಕ್ಷೆ ಮಾಡಿದ ಮೇಲೆ ಒಳಗೆ ಬಿಡುತ್ತಾರೆ. ರಸ್ಟ್, ಗೋ ಭಾಷೆಗಳಲ್ಲಿ ಬರೆದ ಪ್ರೋಗ್ರಾಂ ಆದರೆ ಹೊಸ ವರ್ಶನ್‌ಗೆ ಇನ್ನೂ ಹತ್ತು ಪುಟ್ಟ ಲೈಬ್ರರಿ ಬೇಕಾಗಬಹುದು, ಡೆಬಿಯನ್‌ನಲ್ಲಿ ಅವನ್ನೂ ಸಾಮಾನ್ಯವಾಗಿ ಒಂದೊಂದಾಗಿ ಪ್ಯಾಕೇಜ್ ಮಾಡುತ್ತಾರೆ. ಹೊಸ ಫೈಲ್‌ಗಳ ಲೈಸೆನ್ಸ್ ಏನು ಅಂತ ಪ್ರತಿ ಸಲ ನೋಡಬೇಕು. ಅಪ್‌ಡೇಟ್ ಬೇಕು ಅಂತ ಕೇಳುವವರಿಗೆ ಇದರಲ್ಲಿ ಯಾವುದೂ ಹೊರಗಿನಿಂದ ಕಾಣುವುದಿಲ್ಲ.

ಫ್ರೀಜ್ ಕೂಡ ನೆನಪಿರಲಿ. ಬಿಡುಗಡೆ ಹತ್ತಿರ ಬಂದಾಗ ಬಾಗಿಲು ಹಂತ ಹಂತವಾಗಿ ಮುಚ್ಚುತ್ತಾರೆ. ಡೆಬಿಯನ್ 13ಕ್ಕೆ ದೊಡ್ಡ ಲೈಬ್ರರಿ ಬದಲಾವಣೆಗಳನ್ನು 2025ರ ಮಾರ್ಚ್ 15ಕ್ಕೇ ನಿಲ್ಲಿಸಿದ್ದರು, ಅದು ಬಿಡುಗಡೆಯಾಗಿದ್ದು ಆಗಸ್ಟ್ 9ಕ್ಕೆ. ಈ ನಡುವಿನ ಐದು ತಿಂಗಳಲ್ಲಿ ಹೊಸ ವರ್ಶನ್ ಕೇಳಿದರೆ ಮೇಂಟೇನರ್ ಕೈ ಬಹುಮಟ್ಟಿಗೆ ಕಟ್ಟಿರುತ್ತದೆ. ಆದರೆ ಎಕ್ಸ್‌ಪೆರಿಮೆಂಟಲ್ ಅಂತ ಪಕ್ಕದ ಜಾಗ ಒಂದಿದೆ, ಅಲ್ಲಿಗೆ ಹಾಕಲು ಆಗುತ್ತದಾ ಅಂತ ಕೇಳಬಹುದು, ಅದಕ್ಕೆ ಎಷ್ಟೋ ಸಲ ಒಪ್ಪುತ್ತಾರೆ.

ಇನ್ನು, ಮೇಂಟೇನರ್‌ಗೆ ಮಗು ಹುಟ್ಟಿರಬಹುದು, ಕೆಲಸ ಹೋಗಿರಬಹುದು, ಆರೋಗ್ಯ ಸರಿ ಇಲ್ಲದಿರಬಹುದು. ಅದನ್ನು ಅವರು ಬಗ್ ಟ್ರ್ಯಾಕರ್‌ನಲ್ಲಿ ಬರೆಯಬೇಕಾಗಿಲ್ಲ.

ಕೇಳುವ ರೀತಿ

ಬಗ್ ಹಾಕುವ ಮುಂಚೆ ಅದೇ ಕೋರಿಕೆ ಆಗಲೇ ಇದೆಯಾ ನೋಡಿ. ಫೆಡೋರಾದಲ್ಲಿ ಅನಿತ್ಯ ಅನ್ನುವ ವ್ಯವಸ್ಥೆ ಹೊಸ ಬಿಡುಗಡೆಗಳನ್ನು ಕಾಯುತ್ತಾ ಕೂತಿರುತ್ತದೆ, ಅದರ ಕಣ್ಣಿಗೆ ಬಿದ್ದ ಹೊಸ ವರ್ಶನ್‌ಗೆ ಬಗ್ ತಾನಾಗಿಯೇ ಬೀಳುತ್ತದೆ. ಅಲ್ಲಿ ನೀವು ಇನ್ನೊಂದು ಹಾಕಿದರೆ ಮೇಂಟೇನರ್‌ಗೆ ಅದನ್ನು ಮುಚ್ಚುವ ಕೆಲಸ ಹೆಚ್ಚುತ್ತದೆ, ಅಷ್ಟೇ. ಆರ್ಚ್‌ನಲ್ಲಿ ಪ್ಯಾಕೇಜ್ ಪುಟದಲ್ಲೇ ಹಳೆಯದಾಗಿದೆ ಅಂತ ಗುರುತು ಹಾಕುವ ಸೌಲಭ್ಯ ಇದೆ. ಅದನ್ನು ಒತ್ತುವ ಮುಂಚೆ ಹೊಸದು ಪೂರ್ತಿ ಬಿಡುಗಡೆ ಆಗಿದೆಯಾ, ಬರೀ ಬೀಟಾನಾ ಅಂತ ಖಾತ್ರಿ ಮಾಡಿಕೊಳ್ಳಿ. ಆರ್ಚ್ ಬಳಕೆದಾರರೇ ಪ್ಯಾಕೇಜ್ ಸೇರಿಸುವ ಎಯುಆರ್‌ನಲ್ಲಿ ಹೆಸರಿನ ಕೊನೆಗೆ ಗಿಟ್ ಅಂತ ಇರುವ ಪ್ಯಾಕೇಜ್‌ಗಳು ಬಿಲ್ಡ್ ಮಾಡುವಾಗ ತಾವೇ ಹೊಸ ಕೋಡ್ ಎಳೆದುಕೊಳ್ಳುತ್ತವೆ, ನಂಬರ್ ಹಳೆಯದು ಕಂಡಿತು ಅಂತ ಅವಕ್ಕೆ ಗುರುತು ಹಾಕಬಾರದು. ಡೆಬಿಯನ್‌ನಲ್ಲಿ ರಿಪೋರ್ಟ್‌ಬಗ್ ಅನ್ನುವ ಪ್ರೋಗ್ರಾಂ ಬಳಸಿ ಬಗ್ ಹಾಕಿ, ತೀವ್ರತೆ ಕೇಳಿದಾಗ ವಿಶ್‌ಲಿಸ್ಟ್ ಅಂತ ಕೊಡಿ. ಗಮನ ಸೆಳೆಯಲು ಗ್ರೇವ್ ಅಂತ ಹಾಕಿದರೆ ಅದು ಬಿಡುಗಡೆ ತಡೆಯುವ ಬಗ್‌ಗಳ ಸಾಲಿಗೆ ಸೇರುತ್ತದೆ, ಸಂಬಂಧ ಇಲ್ಲದ ಜನ ಬಂದು ಅದನ್ನು ಇಳಿಸಬೇಕಾಗುತ್ತದೆ, ನಿಮ್ಮ ಮೊದಲ ಪರಿಚಯ ಅಲ್ಲಿಗೇ ಕೆಡುತ್ತದೆ.

ಈಗ ಏನು ಬರೆಯಬೇಕು? ಭಾಷೆ ಇಂಗ್ಲಿಷ್ ಆಗಿರುತ್ತದೆ, ಅರ್ಥ ಮಾತ್ರ ಹೀಗಿರಲಿ:

"ನಮಸ್ಕಾರ. ಈ ಪ್ರೋಗ್ರಾಂ ದಿನಾ ಬಳಸುತ್ತೇನೆ, ಪ್ಯಾಕೇಜ್ ಮಾಡಿಟ್ಟಿದ್ದಕ್ಕೆ ಧನ್ಯವಾದ. 4.0ರಲ್ಲಿ ದೊಡ್ಡ ಫೈಲ್ ತೆರೆಯುವಾಗ ಕ್ರ್ಯಾಶ್ ಆಗುವ ತೊಂದರೆ ಹೋಗಿದೆ, ನನಗೆ ವಾರಕ್ಕೆ ಎರಡು ಸಲ ಅದು ಬರುತ್ತಿದೆ. ಈಗಿನ ಪ್ಯಾಕೇಜಿಂಗ್ ಮೇಲೆ 4.2 ಹಾಕಿ ನನ್ನ ಮಷಿನ್‌ನಲ್ಲಿ ಬಿಲ್ಡ್ ಮಾಡಿದೆ. ಎರಡನೇ ಪ್ಯಾಚ್ ಈಗ ಬೇಕಾಗಿಲ್ಲ, ಅದು ಮೂಲದಲ್ಲೇ ಸೇರಿದೆ. ಒಂದು ಟೆಸ್ಟ್ ಫೇಲ್ ಆಗುತ್ತದೆ, ಲಾಗ್ ಜೊತೆಗಿಟ್ಟಿದ್ದೇನೆ. ನನಗೆ ಕಾಣದ ಅಡ್ಡಿ ಏನಾದರೂ ಇದ್ದರೆ ತಿಳಿಸಿ, ಕೈಲಾದಷ್ಟು ಮಾಡುತ್ತೇನೆ."

ಇದರಲ್ಲಿ ಏನಿದೆ ನೋಡಿ. ಹೊಸದು ಯಾಕೆ ಬೇಕು ಅನ್ನುವುದಕ್ಕೆ ನಂಬರ್ ಬಿಟ್ಟು ಬೇರೆ ಕಾರಣ ಇದೆ. ಮಾಡಿ ನೋಡಿದ ಕೆಲಸ ಇದೆ. ಕೊನೆಯ ಸಾಲು ಮುಖ್ಯ, ನನಗೆ ಕಾಣದ ಅಡ್ಡಿ ಅಂತ ಕೇಳಿದಾಗ ಮೇಂಟೇನರ್ ಸಮರ್ಥನೆ ಕೊಡುತ್ತಾ ಕೂರಬೇಕಾಗಿಲ್ಲ, ವಿಷಯ ಹೇಳಿದರೆ ಸಾಕು. ಬಿಲ್ಡ್ ಮಾಡಲು ಬರುವುದಿಲ್ಲವಾ? ಪರವಾಗಿಲ್ಲ, ಮೊದಲ ಭಾಗ ಮಾತ್ರ ಬರೆದರೂ ಸಾಕು, ಹೊಸದು ಬಂದಾಗ ಪರೀಕ್ಷೆ ಮಾಡಿ ಹೇಳುತ್ತೇನೆ ಅಂತ ಒಂದು ಸಾಲು ಸೇರಿಸಿ. ಪರೀಕ್ಷೆ ಮಾಡುವವರು ಎಲ್ಲಾ ಕಡೆ ಕಡಿಮೆಯೇ. ನಿಕ್ಸ್‌ಓಎಸ್ ಅನ್ನುವ ಡಿಸ್ಟ್ರೋದಲ್ಲಿ ಎಷ್ಟೋ ಪ್ಯಾಕೇಜ್‌ಗಳ ಅಪ್‌ಡೇಟನ್ನು ಒಂದು ಬಾಟ್ ತಾನೇ ತಯಾರು ಮಾಡಿ ಕಳಿಸುತ್ತದೆ, ಆಮೇಲೆ ಅದನ್ನು ಓಡಿಸಿ ನೋಡಿ ಸರಿ ಇದೆ ಅನ್ನುವ ಮನುಷ್ಯರಿಗಾಗಿ ಅದು ಕಾಯುತ್ತಾ ಕೂರುತ್ತದೆ.

ಬರೆದ ಮೇಲೆ ಕಾಯಿರಿ. ಎಷ್ಟು ದಿನ? ನನ್ನ ಲೆಕ್ಕದಲ್ಲಿ ಮೂರರಿಂದ ನಾಲ್ಕು ವಾರ. ಆಮೇಲೆ ಒಂದೇ ಒಂದು ಸಲ, ಹೊಸ ಮಾಹಿತಿ ಏನಾದರೂ ಇದ್ದರೆ ಅದರ ಜೊತೆಗೆ, ನೆನಪು ಮಾಡಿ. ಸುಮ್ನೆ ನನಗೂ ಬೇಕು ಅಂತ ಪ್ಲಸ್ ಒನ್ ಹಾಕುವುದು, ಏನಾಯ್ತು ಅಂತ ವಾರಕ್ಕೊಮ್ಮೆ ಕೇಳುವುದು ಬೇಡ.

ಒತ್ತಡ ಹಾಕಬೇಡಿ, ಒತ್ತಡ ನೋಡಿದರೆ ಎಚ್ಚರ

2024ರ ಮಾರ್ಚ್ 29ರಂದು ಆಂಡ್ರೆಸ್ ಫ್ರಾಯಿಂಡ್ ಅನ್ನುವ ಇಂಜಿನಿಯರ್ ಒಂದು ವಿಷಯ ಬಯಲಿಗೆಳೆದರು. ಎಸ್‌ಎಸ್‌ಎಚ್ ಲಾಗಿನ್ ಸುಮಾರು ಅರ್ಧ ಸೆಕೆಂಡ್ ನಿಧಾನ ಆಗುತ್ತಿದೆ ಅಂತ ಬೆನ್ನು ಹತ್ತಿದವರಿಗೆ ಎಕ್ಸ್‌ಝಡ್ ಅನ್ನುವ ಕಂಪ್ರೆಷನ್ ಲೈಬ್ರರಿಯ 5.6.0 ಮತ್ತು 5.6.1ರಲ್ಲಿ ಅಡಗಿಸಿಟ್ಟ ಹಿಂಬಾಗಿಲು ಸಿಕ್ಕಿತು. ಆ ಕಥೆಯಲ್ಲಿ ನಮ್ಮ ವಿಷಯಕ್ಕೆ ಬೇಕಾದ ಎರಡು ತುಂಡುಗಳಿವೆ. ಒಂದು, 2022ರಲ್ಲೇ ಗುರುತು ಪರಿಚಯ ಇಲ್ಲದ ಹೆಸರುಗಳು ಬಂದು, ಬಿಡುಗಡೆ ಯಾಕೆ ತಡ, ಬೇರೆಯವರಿಗೆ ಜವಾಬ್ದಾರಿ ಕೊಡಬಾರದಾ ಅಂತ ಒಬ್ಬಂಟಿಯಾಗಿ ದುಡಿಯುತ್ತಿದ್ದ ಮೇಂಟೇನರ್ ಮೇಲೆ ಒತ್ತಡ ಹಾಕಿದ್ದವು. ಎರಡು, 2024ರ ಮಾರ್ಚ್‌ನಲ್ಲಿ, ವಿಷಯ ಬಯಲಾಗುವ ಕೆಲವೇ ದಿನ ಮೊದಲು, ಡೆಬಿಯನ್‌ನಲ್ಲಿ ಹೊಸ ವರ್ಶನ್ ಹಾಕಿ ಅಂತ ಒಂದು ಬಗ್ ಬಿತ್ತು, ಅದಕ್ಕೆ ಹೊಸ ಹೊಸ ಹೆಸರುಗಳು ಬಂದು ಬೆಂಬಲ ಕೊಟ್ಟವು. ಹೊರಗಿನಿಂದ ನೋಡಿದರೆ ನಾವು ದಿನಾ ಕಾಣುವ ಕೋರಿಕೆಯ ಹಾಗೆಯೇ ಇತ್ತು ಅದು. ಆ ವರ್ಶನ್‌ಗಳು ಡೆಬಿಯನ್ ಅನ್‌ಸ್ಟೇಬಲ್, ಫೆಡೋರಾ ರಾಹೈಡ್, ಓಪನ್‌ಸೂಸೆ ಟಂಬಲ್‌ವೀಡ್ ತಲುಪಿದ್ದವು, ಮೂರೂ ಹೊಸದು ಮೊದಲು ಬರುವ ಜಾಗಗಳು. ಡೆಬಿಯನ್ ಸ್ಟೇಬಲ್‌ನಲ್ಲಿ ಇದ್ದಿದ್ದು ಹಳೆಯದು, ಅದು ಬಚಾವಾಯಿತು.

ಇದರಿಂದ ಹಳೆಯದೇ ಒಳ್ಳೆಯದು ಅಂತ ನಾನು ಹೇಳುತ್ತಿಲ್ಲ. ವರ್ಷಗಟ್ಟಲೆ ಸರಿಪಡಿಸದ ತೂತುಗಳೂ ಜನರಿಗೆ ಪೆಟ್ಟು ಕೊಟ್ಟಿವೆ. ಆದರೆ ಅವಸರ ಮಾಡುವವರನ್ನು ನೋಡಿದರೆ ಮೇಂಟೇನರ್‌ಗಳು ಈಗ ಮೊದಲಿಗಿಂತ ಜಾಸ್ತಿ ಹುಷಾರಾಗಿದ್ದಾರೆ. ನಿಮ್ಮ ಉದ್ದೇಶ ಎಷ್ಟೇ ಒಳ್ಳೆಯದಿದ್ದರೂ ನಾಲ್ಕು ಗೆಳೆಯರನ್ನು ಕರೆತಂದು ಒಂದೇ ಬಗ್‌ನಲ್ಲಿ ಬರೆಸಬೇಡಿ.

ಡೆಬಿಯನ್‌ಗೆ ಒಂದು ಸಂವಿಧಾನ ಇದೆ. ಯೋಜನೆಗಾಗಿ ಕೆಲಸ ಮಾಡಲೇಬೇಕು ಅಂತ ಈ ಸಂವಿಧಾನ ಯಾರ ಮೇಲೂ ಹೊರಿಸುವುದಿಲ್ಲ ಅಂತ ಅದರಲ್ಲಿ ಸ್ಪಷ್ಟವಾಗಿ ಬರೆದಿದೆ. ಹಾಗೆಯೇ, ಬೇರೆಯವರು ಸರಿಯಾದ ದಾರಿಯಲ್ಲಿ ತೆಗೆದುಕೊಂಡ ತೀರ್ಮಾನಕ್ಕೆ ಅಡ್ಡ ನಿಲ್ಲಬಾರದು ಅಂತಲೂ ಇದೆ. ಬಳಕೆದಾರರು ಮೊದಲನೆಯದನ್ನು ಮರೆಯುತ್ತಾರೆ, ಕೆಲವು ಮೇಂಟೇನರ್‌ಗಳು ಎರಡನೆಯದನ್ನು ಮರೆಯುತ್ತಾರೆ.

ನಿಮಗೆ ಇವತ್ತೇ ಬೇಕು ಅಂದರೆ

ಜಗಳಕ್ಕೂ ನಿಮ್ಮ ಕೆಲಸಕ್ಕೂ ಗಂಟು ಹಾಕಬೇಡಿ. ಡೆಬಿಯನ್ ಬ್ಯಾಕ್‌ಪೋರ್ಟ್ಸ್‌ನಲ್ಲಿ ಇದೆಯಾ ನೋಡಿ, ಟೆಸ್ಟಿಂಗ್‌ನಲ್ಲಿರುವ, ಅಂದರೆ ಮುಂದಿನ ಬಿಡುಗಡೆಗೆ ತಯಾರಾಗುತ್ತಿರುವ, ಪ್ಯಾಕೇಜ್‌ಗಳನ್ನು ಸ್ಟೇಬಲ್‌ಗೆ ಹೊಂದಿಸಿ ಅಲ್ಲಿ ಇಡುತ್ತಾರೆ. ಇಲ್ಲದಿದ್ದರೆ ಬೇರೆ ಬೇರೆ ಡಿಸ್ಟ್ರೋಗಳಲ್ಲಿ ಓಡುವ ಫ್ಲಾಟ್‌ಪ್ಯಾಕ್, ಅಥವಾ ಉಳಿದ ಸಿಸ್ಟಂನಿಂದ ಬೇರೆಯಾಗಿಡುವ ಕಂಟೇನರ್ ಒಳಗೆ ಓಡಿಸುವುದು, ಅಥವಾ ನಿಮ್ಮ ಹೋಮ್ ಫೋಲ್ಡರ್‌ನಲ್ಲೇ ಬಿಲ್ಡ್ ಮಾಡಿಕೊಳ್ಳುವುದು. ಸ್ಟೇಬಲ್‌ನ ಸೋರ್ಸ್ ಪಟ್ಟಿಗೆ ಸಿಡ್ ಸೇರಿಸಿ ಒಂದು ಪ್ಯಾಕೇಜ್ ಮಾತ್ರ ಎಳೆದುಕೊಳ್ಳುತ್ತೇನೆ ಅನ್ನುವುದು ಬೇಡ, ಅದು ಮುಖ್ಯ ಲೈಬ್ರರಿಗಳನ್ನೂ ಜೊತೆಗೆ ಎಳೆಯುತ್ತದೆ, ಮುಂದಿನ ಅಪ್‌ಗ್ರೇಡ್‌ನಲ್ಲಿ ಪೂರ್ತಿ ಸಿಸ್ಟಂ ಕುಸಿದು ಕೂರಬಹುದು.

ಉತ್ತರವೇ ಬರದಿದ್ದರೆ

ಮೌನಕ್ಕೂ ನಿಯಮಗಳಿವೆ, ಆದರೆ ಇವು ಬಹಳ ಜನರಿಗೆ ಗೊತ್ತಿಲ್ಲ. ಡೆಬಿಯನ್‌ನಲ್ಲಿ ಮೇಂಟೇನರ್ ಅಲ್ಲದವರೂ ಒಂದು ತಪ್ಪು ಸರಿ ಮಾಡಿ ಅಪ್‌ಲೋಡ್ ಮಾಡಬಹುದು, ಅದಕ್ಕೆ ಎನ್‌ಎಂಯು ಅನ್ನುತ್ತಾರೆ. ಸಾಮಾನ್ಯ ಬಗ್‌ಗಾದರೆ ಅದನ್ನು 10 ದಿನ ತಡೆದಿಡುವ ಸರದಿಯಲ್ಲಿ ಹಾಕುವುದು ರೂಢಿ, ಮೇಂಟೇನರ್ ಅಷ್ಟರಲ್ಲಿ ನೋಡಿ ಬೇಡ ಅನ್ನಬಹುದು. ಆದರೆ ಎನ್‌ಎಂಯು ಇರುವುದು ತಪ್ಪು ತಿದ್ದಲು, ಹೊಸ ವರ್ಶನ್ ತುರುಕಲು ಅಲ್ಲ.

ಪ್ಯಾಕೇಜ್ ನಿಜವಾಗಿಯೂ ಅನಾಥವಾಗಿ ಬಿದ್ದಿದ್ದರೆ ಬೇರೆಯವರು ಅದನ್ನು ವಹಿಸಿಕೊಳ್ಳಲು ಸಾಲ್ವೇಜಿಂಗ್ ಅಂತ ದಾರಿ ಇದೆ. ಬಗ್‌ಗಳಿಗೆ ಉತ್ತರ ಇಲ್ಲ, ಹಲವು ವರ್ಶನ್‌ಗಳು ಬಂದುಹೋಗಿವೆ, ಬೇಕು ಅಂತ ಬಗ್ ಹಾಕಿದರೂ ಪ್ಯಾಕೇಜ್ ಆಗಿಲ್ಲ, ಇಂಥ ಲಕ್ಷಣಗಳಿರಬೇಕು. ಐಟಿಎಸ್ (ಸಾಲ್ವೇಜ್ ಮಾಡುವ ಉದ್ದೇಶ ಇದೆ) ಅನ್ನುವ ತಲೆಬರಹದಲ್ಲಿ ಬಗ್ ಹಾಕಿ, ಮೇಂಟೇನರ್‌ಗೆ ನೇರವಾಗಿ ಮೇಲ್ ಹೋಗುವಂತೆ ನೋಡಿಕೊಂಡು, ಕನಿಷ್ಠ 21 ದಿನ ಕಾಯಬೇಕು. ಅಷ್ಟರಲ್ಲಿ ಮೇಂಟೇನರ್ ಬಂದು ಬೇಡ ಅಂದರೆ ಅಲ್ಲಿಗೆ ನಿಂತಿತು. ಬರದಿದ್ದರೆ ಇನ್ನೂ 7 ದಿನದ ತಡೆ ಇಟ್ಟು ಅಪ್‌ಲೋಡ್ ಮಾಡಬಹುದು. ಇಲ್ಲಿ ಒಂದು ವಿಷಯ ಮರೆಯಬೇಡಿ, ಸಾಲ್ವೇಜ್ ಮಾಡಿದವರೇ ಮುಂದೆ ಆ ಪ್ಯಾಕೇಜನ್ನು ನೋಡಿಕೊಳ್ಳಬೇಕು. ಒಂದು ವರ್ಶನ್ ಹಾಕಿಕೊಂಡು ಹೋಗುವ ಆಲೋಚನೆ ಇದ್ದರೆ ಈ ದಾರಿ ಹಿಡಿಯಬೇಡಿ. ನೀವು ಡೆಬಿಯನ್ ಡೆವಲಪರ್ ಅಲ್ಲದಿದ್ದರೆ ಅಪ್‌ಲೋಡ್ ಹಕ್ಕಿರುವ ಸ್ಪಾನ್ಸರ್ ಒಬ್ಬರು ನಿಮ್ಮ ಪರವಾಗಿ ಅಪ್‌ಲೋಡ್ ಮಾಡುತ್ತಾರೆ.

ಎಯುಆರ್‌ನಲ್ಲಿ ಇದು ಇನ್ನೂ ಸರಳ. ಪ್ಯಾಕೇಜ್ ಬಿಡಿಸಿಕೊಡಿ ಅನ್ನುವ ಆರ್ಫನ್ ಕೋರಿಕೆ ಹಾಕಿದರೆ ಮೇಂಟೇನರ್‌ಗೆ ಎರಡು ವಾರ ಸಮಯ ಸಿಗುತ್ತದೆ, ಹಳೆಯದು ಅಂತ ಗುರುತು ಬಿದ್ದು 180 ದಿನ ದಾಟಿದ್ದರೆ ಕೋರಿಕೆ ತಾನಾಗಿಯೇ ಒಪ್ಪಿಗೆಯಾಗುತ್ತದೆ. ಫೆಡೋರಾದಲ್ಲಿ ಉತ್ತರಿಸದ ಮೇಂಟೇನರ್ ಬಗ್ಗೆ ಬೇರೆಯೇ ನಿಯಮ ಇದೆ, ಬಗ್ ಹಾಕಿ, ಹೇಳಿದಷ್ಟು ದಿನ ಕಾದು, ಕೊನೆಗೆ ಫೆಸ್ಕೊ ಅನ್ನುವ ಅಲ್ಲಿನ ತಾಂತ್ರಿಕ ಸಮಿತಿಯ ಮುಂದೆ ಒಯ್ಯಬೇಕು. ಜೆಂಟೂ ಡಿಸ್ಟ್ರೋದಲ್ಲಿ ಪ್ರಾಕ್ಸಿ ಮೇಂಟೇನರ್ ಆಗಿ ಹೊರಗಿನವರೂ ಪ್ಯಾಕೇಜ್ ಹೊಣೆ ಹೊರಬಹುದು.

ಬೇಡ ಅಂತ ಉತ್ತರ ಬಂದರೆ

ಇದು ಬೇರೆ ವಿಷಯ. ಇಲ್ಲಿ ಮೇಂಟೇನರ್ ಇದ್ದಾರೆ, ಓದಿದ್ದಾರೆ, ಒಪ್ಪುತ್ತಿಲ್ಲ. ಮೊದಲು ಕಾರಣ ಯಾವ ಜಾತಿಯದು ನೋಡಿ. ಲೈಬ್ರರಿ ಮುರಿಯುತ್ತದೆ ಅಂದರೆ ಅದು ಕೆಲಸದ ವಿಷಯ, ಮುರಿಯುವ ಪ್ಯಾಕೇಜ್‌ಗಳಿಗೆ ಒಂದೊಂದಾಗಿ ಪ್ಯಾಚ್ ಕಳಿಸಿದರೆ ಕರಗುತ್ತದೆ. ನನ್ನ ಫೋಟೋ ಪ್ರೋಗ್ರಾಂ ಕೊನೆಗೆ ಅಪ್‌ಡೇಟ್ ಆಗಿದ್ದೂ ಹಾಗೆಯೇ. ಆ ಮೂರರಲ್ಲಿ ಒಂದಕ್ಕೆ ನಾನು ಪ್ಯಾಚ್ ಬರೆದೆ, ಬರೆದಿದ್ದು ನಾಲ್ಕು ಸಾಲು, ಅದನ್ನು ಅರ್ಥ ಮಾಡಿಕೊಳ್ಳಲು ಹಿಡಿದಿದ್ದು ಎರಡು ಭಾನುವಾರ. ಹೊಸ ವರ್ಶನ್ ನನಗೇ ಸರಿ ಕಾಣುವುದಿಲ್ಲ ಅಂತ ಮೇಂಟೇನರ್ ಹೇಳಿದರೆ ಅದು ಅಭಿಪ್ರಾಯದ ವಿಷಯ. ಆಗ ಎರಡನ್ನೂ ಬೇರೆ ಬೇರೆ ಹೆಸರಿನ ಪ್ಯಾಕೇಜ್ ಆಗಿ ಇಡಬಹುದಾ, ಎಕ್ಸ್‌ಪೆರಿಮೆಂಟಲ್‌ನಲ್ಲಿ ಹಾಕಬಹುದಾ, ಜೊತೆ ಮೇಂಟೇನರ್ ಆಗಿ ಸೇರಬಹುದಾ ಅಂತ ಕೇಳಿ. ಜೊತೆ ಸೇರುತ್ತೇನೆ ಅನ್ನುವ ಮಾತಿಗೆ ಬಾಗಿಲು ತೆರೆದಿದ್ದನ್ನು ನಾನು ಹಲವು ಸಲ ನೋಡಿದ್ದೇನೆ.

ಡೆಬಿಯನ್‌ನಲ್ಲಿ ತಾಂತ್ರಿಕ ಸಮಿತಿ ಇದೆ, ಮೇಂಟೇನರ್ ತೀರ್ಮಾನವನ್ನು ಅದು ತಳ್ಳಿಹಾಕಬಹುದು. ಆದರೆ ಅದಕ್ಕೆ ವಿರೋಧದ ಒಂದೊಂದು ಮತಕ್ಕೂ ಪರವಾಗಿ ಮೂರು ಮತದ ಬಹುಮತ ಬೇಕು, ಉಳಿದ ದಾರಿಗಳೆಲ್ಲಾ ಮುಗಿದ ಮೇಲೆ ಮಾತ್ರ ಅಲ್ಲಿಗೆ ಹೋಗಬೇಕು. ಒಂದು ವರ್ಶನ್ ನಂಬರ್‌ಗಾಗಿ ಅಲ್ಲಿಗೆ ಹೋಗುವುದು ನನ್ನ ಪ್ರಕಾರ ತಪ್ಪು. ಗೆದ್ದರೂ ಮಾರನೇ ದಿನ ಆ ಪ್ಯಾಕೇಜ್ ನೋಡಿಕೊಳ್ಳಲು ಯಾರೂ ಇರುವುದಿಲ್ಲ.

ನೀವೇ ಆ ಪ್ರೋಗ್ರಾಂ ಬರೆದವರಾದರೆ

ನಿಮ್ಮ ಸಿಟ್ಟು ನನಗೆ ಅರ್ಥ ಆಗುತ್ತದೆ. ಮೂರು ವರ್ಷ ಹಿಂದೆಯೇ ಸರಿ ಮಾಡಿದ ತಪ್ಪಿಗೆ ಇವತ್ತೂ ನಿಮಗೇ ಮೇಲ್ ಬರುತ್ತದೆ. 2016ರಲ್ಲಿ ಪರದೆಗೆ ಬೀಗ ಹಾಕುವ ಎಕ್ಸ್‌ಸ್ಕ್ರೀನ್‌ಸೇವರ್ ಅನ್ನುವ ಪ್ರೋಗ್ರಾಂ ವಿಷಯದಲ್ಲಿ ಇದು ದೊಡ್ಡದಾಯಿತು. ಅದರ ಲೇಖಕ ಜೇಮೀ ಜವಿನ್‌ಸ್ಕಿ, ವರ್ಶನ್ ತೀರಾ ಹಳೆಯದಾದರೆ ಬಳಕೆದಾರರಿಗೆ ಎಚ್ಚರಿಕೆ ತೋರಿಸುವ ಕೋಡ್ ಒಳಗೇ ಇಟ್ಟಿದ್ದರು. ಡೆಬಿಯನ್ ಸ್ಟೇಬಲ್ ಬಳಸುವವರಿಗೆ ಒಂದು ದಿನ ಅದು ಕಾಣಿಸಿತು. ಹೊಸದು ಹಾಕಿ, ಇಲ್ಲವೇ ನನ್ನ ಪ್ರೋಗ್ರಾಂ ತೆಗೆದುಬಿಡಿ ಅನ್ನುವುದು ಅವರ ನಿಲುವು. ಡೆಬಿಯನ್‌ನವರಿಗೆ ಸ್ಟೇಬಲ್‌ನಲ್ಲಿ ಇಂಥ ಗಡಿಯಾರ ಇಡುವುದೇ ತಪ್ಪು. ಇಬ್ಬರ ಮಾತಿನಲ್ಲೂ ಹುರುಳಿತ್ತು, ನಡುವೆ ಸಿಕ್ಕಿಕೊಂಡಿದ್ದು ಏನೂ ಗೊತ್ತಿಲ್ಲದ ಬಳಕೆದಾರ.

ಹಾಗಾಗಿ ಬಗ್ ರಿಪೋರ್ಟ್ ಫಾರಂನಲ್ಲೇ ಡಿಸ್ಟ್ರೋ ಹೆಸರು, ವರ್ಶನ್ ಕೇಳಿ, ಹಳೆಯದಿದ್ದರೆ ಮೊದಲು ಡಿಸ್ಟ್ರೋಗೆ ತಿಳಿಸಿ ಅಂತ ಅಲ್ಲೇ ಬರೆಯಿರಿ. ಭದ್ರತೆಯ ತಿದ್ದುಪಡಿಯನ್ನು ದೊಡ್ಡ ಬದಲಾವಣೆಯ ಒಳಗೆ ಹೂತುಹಾಕದೆ ಬೇರೆಯೇ ಕಮಿಟ್ (ದಾಖಲಾದ ಒಂದು ಕೋಡ್ ಬದಲಾವಣೆ) ಆಗಿ ಕೊಡಿ. ಇದೊಂದು ಮಾಡಿದರೂ ಬ್ಯಾಕ್‌ಪೋರ್ಟ್ ಮಾಡುವವರ ಕೆಲಸ ಅರ್ಧಕ್ಕಿಳಿಯುತ್ತದೆ.

ಮೇಂಟೇನರ್ ಆದವರಿಗೆ

ನನಗೆ ನಾನೇ ಹಾಕಿಕೊಂಡ ರೂಢಿ ಹೇಳುತ್ತೇನೆ. ಹೊಸ ವರ್ಶನ್ ಬೇಕು ಅಂತ ಬಗ್ ಬಂದರೆ ಒಂದು ವಾರದೊಳಗೆ ಒಂದು ಸಾಲಾದರೂ ಬರೆಯುತ್ತೇನೆ. ನೋಡಿದೆ, ಇಂಥದ್ದಕ್ಕೆ ನಿಂತಿದೆ, ಮುಂದಿನ ತಿಂಗಳ ಒಳಗೆ ಆಗುವುದಿಲ್ಲ. ಆಗುವುದಿಲ್ಲ ಅನ್ನುವ ಉತ್ತರಕ್ಕೆ ಜನ ಅಷ್ಟು ಬೇಜಾರು ಮಾಡಿಕೊಳ್ಳುವುದಿಲ್ಲ, ಏನೂ ತಿಳಿಯದೆ ಕಾಯುವುದಕ್ಕೆ ಮಾಡಿಕೊಳ್ಳುತ್ತಾರೆ. ತಡೆ ಏನು ಅಂತ ಬಗ್‌ನಲ್ಲೇ ಬರೆದಿಟ್ಟರೆ ಆರನೆಯವರು ಬಂದು ಅದೇ ಕೇಳುವುದಿಲ್ಲ, ಕೇಳಿದರೂ ಮೇಲಿನ ಸಾಲು ತೋರಿಸಬಹುದು. ಸಣ್ಣ ಪ್ಯಾಚ್‌ಗಳಿಗೆ ಎನ್‌ಎಂಯು ಮಾಡಲು ಯಾರು ಬೇಕಾದರೂ ಬನ್ನಿ ಅನ್ನುವ ಲೋ ಥ್ರೆಶೋಲ್ಡ್ ಪಟ್ಟಿ ಡೆಬಿಯನ್‌ನಲ್ಲಿದೆ, ಅದರಲ್ಲಿ ಹೆಸರು ಸೇರಿಸಿ.

ಕೈಲಾಗದಿದ್ದರೆ ಬಿಟ್ಟುಕೊಡಿ. ಇದನ್ನು ಬರೆಯುವಾಗ ನನಗೂ ಕಷ್ಟ ಆಗುತ್ತದೆ, ನನ್ನ ಎರಡರಲ್ಲಿ ಒಂದನ್ನು ಬಿಟ್ಟುಕೊಡಲು ಒಂದು ವರ್ಷ ತಗೊಂಡೆ. ಆ ವರ್ಷ ಪೂರ್ತಿ ಪ್ಯಾಕೇಜ್ ಹಳೆಯದಾಗೇ ಇತ್ತು, ಬಳಸುವವರು ಕಾಯುತ್ತಲೇ ಇದ್ದರು. ಡೆಬಿಯನ್‌ನಲ್ಲಿ ಸಹಾಯ ಬೇಕಿದ್ದರೆ ಆರ್‌ಎಫ್‌ಎಚ್, ಬೇರೆಯವರಿಗೆ ಕೊಡಬೇಕಿದ್ದರೆ ಆರ್‌ಎಫ್‌ಎ, ಪೂರ್ತಿ ಬಿಡುವುದಾದರೆ ಓ ಅನ್ನುವ ಗುರುತಿನ ಬಗ್ ಹಾಕಬೇಕು. ಬಿಟ್ಟ ಪ್ಯಾಕೇಜನ್ನು ಹೊಸಬರು ಸಿಗುವತನಕ ಕ್ಯೂಎ, ಅಂದರೆ ಗುಣಮಟ್ಟ ನೋಡುವ, ಗುಂಪು ನೋಡಿಕೊಳ್ಳುತ್ತದೆ. ನಾನು ಆರ್‌ಎಫ್‌ಎ ಹಾಕಿದ ಮೇಲೆ ಮೇಲ್ ಬಂದಿದ್ದು ಹೊಸ ವರ್ಶನ್ ಬೇಕು ಅಂತ ಮೂರು ಸಲ ಕೇಳಿ ಬೇಸತ್ತಿದ್ದ ಒಬ್ಬರಿಂದ. ಪ್ಯಾಚ್‌ಗಳು ಯಾಕಿವೆ ಅಂತ ಒಂದೊಂದಕ್ಕೂ ಎರಡು ಸಾಲು ಬರೆದು, ಬಿಡುಗಡೆಗೆ ಮುಂಚೆ ನಾನು ಏನೇನು ಪರೀಕ್ಷೆ ಮಾಡುತ್ತಿದ್ದೆ ಅಂತ ಪಟ್ಟಿ ಮಾಡಿ ಕಳಿಸಿದೆ. ಅವರ ಮೊದಲ ಎರಡು ಅಪ್‌ಲೋಡ್ ನಾನೇ ನೋಡಿಕೊಟ್ಟೆ, ಮೂರನೆಯದಕ್ಕೆ ಅವರು ಕೇಳಲಿಲ್ಲ.